ನಿರಾಶ್ರಿತರ ವೃತ್ತಾಂತವೂ ಅದರ ಪ್ರಮಾಣಗಳೂ: ಟಿಬೆಟ್ಟಿನವರ ದೃಷ್ಟಾಂತ

೧. ಪೀಠಿಕೆ

ಊರನ್ನು ಬಿಟ್ಟು ಹೋಗುವವರ ವಿಷಯದಲ್ಲಿ ಕನ್ನಡದಲ್ಲಿ ಬಳಕೆಯಾಗುವ ಶಬ್ದಗಳು ಕೆಲವಿವೆ. ಕ್ಷಾಮದ ದೆಸೆಯಿಂದ ಮನೆಮಠಗಳನ್ನು ತೊರೆದು ಹೊರಡುವುದಕ್ಕೆ ಗುಳೆ ಎನ್ನುವರು. ವಲಸೆ ಎಂಬುದನ್ನು ಈಗ ಎಲ್ಲ ಬಗೆಯ ಸ್ಥಳಾಂತರಕ್ಕೂ ಪ್ರಯೋಗಿಸುವ ರೂಢಿಯಿದ್ದರೂ, ಶತ್ರುಸೈನ್ಯದ ಭಯದಿಂದ ಊರುಬಿಟ್ಟು ಓಡುವುದೇ ಅದರ ಹಿಂದಿನ ಅರ್ಥವೆಂಬುದು ಕಿಟ್ಟೆಲರ ನಿಘಂಟಿನಿಂದ ತಿಳಿದುಬರುತ್ತದೆ. ಸಂಸ್ಕೃತದಿಂದ ಬಂದ ನಿರಾಶ್ರಿತ, ನಿರ್ವಾಸಿತ, ಶರಣಾರ್ಥಿ ಎಂಬ ಮೂರರಲ್ಲಿ ಮೊದಲನೆಯದು ಆಶ್ರಯದ ಅಭಾವವನ್ನೂ, ಎರಡನೆಯದು ಹೊರದೂಡಲ್ಪಟ್ಟುದನ್ನೂ, ಮೂರನೆಯದು ರಕ್ಷಣೆಯ ಬೇಡಿಕೆಯನ್ನೂ ಸೂಚಿಸುತ್ತವೆ. ಟಿಬೆಟ್ಟಿನ ಭಾಷೆಯಲ್ಲಿಯೂ ಇಂಥ ಭೇದವುಂಟು. ತ್ಸೆನ್‌ಜೋಲ್‌ವಾ ಎಂದರೆ ಬಲಾತ್ಕಾರದಿಂದ ತಪ್ಪಿಸಿಕೊಂಡು ಬಂದವನು. ಕ್ಯಾಬ್‌ಚೋಲ್‌ವಾ ಎಂದರೆ ಶರಣು ಬೇಡಿ ಬಂದವನು. ಈ ಕಡೆಯ ಶಬ್ದದ ಪೂರ್ವಪದವಾದ ಕ್ಯಾಬ್ ಎಂಬುದು ಬೌದ್ಧರ ತ್ರಿಶರಣದಲ್ಲಿ ಬರುವ ಶರಣಶಬ್ದಕ್ಕೆ ಸಮಾನವಾದುದು.

ಶಬ್ದಗಳು ಇಷ್ಟಿದ್ದರೂ ಇಂಥ ಜನರ ಚರಿತ್ರೆಯು ಮಾತ್ರ ವಿರಳವು. ಇದಕ್ಕೆ ಕಾರಣವು ಸ್ಪಷ್ಟವಾಗಿಯೇ ಇದೆ. ಗೆದ್ದ ಅರಸನು ಶಾಸನವನ್ನು ಹಾಕಿಸುವನು; ಸೋತು ಓಡಿದ ಒಕ್ಕಲು ಏನನ್ನೂ ಬರೆಯಿಸಲಾರದು. ದಂಡು ಬಂದುದಕ್ಕೆ ಕಲ್ಲು ಸಾಕ್ಷಿಯಿರುತ್ತದೆ. ಊರು ಬರಿದಾದುದಕ್ಕೆ ಸಾಕ್ಷಿಯಿರುವುದಿಲ್ಲ. ಆದುದರಿಂದ ನಿರಾಶ್ರಿತರ ವೃತ್ತಾಂತವನ್ನು ಶೋಧಿಸುವವರು ಮೊದಲು ವಿಚಾರಿಸಬೇಕಾದುದು ಇದು: ಆ ವೃತ್ತಾಂತವನ್ನು ಹೇಳಿದವರು ಯಾರು? ಯಾವ ಸಾಧನದಿಂದ ಅದು ಪರರಿಗೆ ತಲಪಿತು? ಅದರೊಳಗೆ ಎಷ್ಟು ನಂಬಲರ್ಹವು?

ಈ ಪ್ರಶ್ನೆಗಳ ವಿಚಾರಕ್ಕೆ ಟಿಬೆಟ್ಟಿನವರ ದೃಷ್ಟಾಂತವು ಬಹಳ ಅನುಕೂಲವಾಗಿದೆ. ಅವರ ನಿರ್ಗಮನವು ಇನ್ನೂ ಬದುಕಿರುವ ಕೆಲವರ ನೆನಪಿನಲ್ಲಿರುವುದು. ಅದರ ಬಗೆಗೆ ಬರವಣಿಗೆಯೂ ಸಾಕಷ್ಟು ಉಳಿದಿರುವುದು. ಅಲ್ಲದೆ ಅವರ ಐದು ವಸತಿಗಳು ಕನ್ನಡ ನಾಡಿನಲ್ಲಿಯೇ ಇರುವುದರಿಂದ ಈ ವಿಚಾರವು ಕನ್ನಡ ವಿದ್ವಾಂಸರಿಗೆ ದೂರದೇಶದ ಸಂಗತಿಯೂ ಅಲ್ಲ.

೨. ಒಂದು ಪ್ರಾಚೀನ ಸಾಕ್ಷ್ಯ

ಟಿಬೆಟ್ಟಿನವರು ಭರತಖಂಡಕ್ಕೆ ಶರಣಾರ್ಥಿಗಳಾಗಿ ಬರುವುದಕ್ಕೆ ಏಳೂವರೆ ಶತಮಾನಗಳ ಹಿಂದೆ ಭರತಖಂಡದ ಪಂಡಿತರೇ ಟಿಬೆಟ್ಟಿಗೆ ಶರಣಾರ್ಥಿಗಳಾಗಿ ಹೋಗಿದ್ದರು. ಹನ್ನೆರಡನೆಯ ಶತಮಾನದ ಕೊನೆಯಲ್ಲಿಯೂ ಹದಿಮೂರನೆಯದರ ಆದಿಯಲ್ಲಿಯೂ ಮಗಧದ ವಿಹಾರಗಳು ತುರುಷ್ಕಸೈನ್ಯದಿಂದ ನಾಶವಾಗಲು, ವಿಕ್ರಮಶಿಲೆಯ ಕಡೆಯ ಆಚಾರ್ಯರೊಳಗೊಬ್ಬನಾದ ಶಾಕ್ಯಶ್ರೀಭದ್ರನು ೧೨೦೪ರಲ್ಲಿ ಟಿಬೆಟ್ಟನ್ನು ಸೇರಿದನು. ಈ ವಿಹಾರಗಳ ಪಂಡಿತರು ದಿಕ್ಕುದಿಕ್ಕಿಗೆ ಚದರಿಹೋದ ವಿಷಯವನ್ನು ಟಿಬೆಟ್ಟಿನ ತಾರಾನಾಥನು ೧೬೦೮ರಲ್ಲಿ ರಚಿಸಿದ ಬೌದ್ಧಧರ್ಮದ ಇತಿಹಾಸದಲ್ಲಿ ಹೇಳಿರುವನು.

ಆದರೆ ತಾರಾನಾಥನು ಬರೆದುದು ನಾಲ್ಕು ಶತಮಾನಗಳ ಅನಂತರ. ಅದಕ್ಕಿಂತ ಪ್ರಬಲವಾದ ಸಾಕ್ಷ್ಯವು ಧರ್ಮಸ್ವಾಮಿಯೆಂದು ಪ್ರಸಿದ್ಧನಾದ ಟಿಬೆಟ್ಟಿನ ಭಾಷಾಂತರಕಾರನದು. ಈತನು ೧೨೩೪ರಿಂದ ೧೨೩೬ರ ವರೆಗೆ ಮಗಧದಲ್ಲಿ ಸಂಚರಿಸಿ, ಕಂಡುದನ್ನು ತನ್ನ ಶಿಷ್ಯನಿಗೆ ಹೇಳಿ ಬರೆಯಿಸಿದನು. ನಾಲಂದೆಯಲ್ಲಿ ಆತನು ಕಂಡುದು ಬಹುಪಾಲು ಪಾಳುಬಿದ್ದ ಕಟ್ಟಡಗಳನ್ನು. ಅವುಗಳ ನಡುವೆ ತೊಂಬತ್ತು ವರ್ಷಗಳನ್ನು ಮೀರಿದ್ದ ರಾಹುಲಶ್ರೀಭದ್ರನೆಂಬ ಗುರುವು ಸುಮಾರು ಎಪ್ಪತ್ತು ಮಂದಿ ವಿದ್ಯಾರ್ಥಿಗಳಿಗೆ ಪಾಠ ಹೇಳುತ್ತಿದ್ದನು. ಈ ಗುರುವಿಗೆ ಅನ್ನವಸ್ತ್ರಗಳನ್ನು ಒದಗಿಸುತ್ತಿದ್ದ ಜಯದೇವನೆಂಬ ಬ್ರಾಹ್ಮಣನು ಓದಂತಪುರಿಯಲ್ಲಿ ತುರುಷ್ಕರ ಸೆರೆಯಲ್ಲಿದ್ದುಕೊಂಡೇ, ಸೈನ್ಯವು ಬರುತ್ತಿದೆ, ಗುರುಶಿಷ್ಯರು ಕೂಡಲೆ ಓಡಿಹೋಗತಕ್ಕದ್ದು ಎಂದು ಗುಪ್ತವಾಗಿ ಹೇಳಿಕಳುಹಿಸಿದನು. ಶಿಷ್ಯರೆಲ್ಲರೂ ಹೊರಟುಹೋದರು. ವೃದ್ಧನಾದ ಗುರುವು ನಡೆಯಲಾರದೆ ಉಳಿಯಲು, ಧರ್ಮಸ್ವಾಮಿಯು ಅವನನ್ನು ಬೆನ್ನ ಮೇಲೆ ಹೊತ್ತು ಸಮೀಪದ ಒಂದು ದೇವಾಲಯದಲ್ಲಿ ಅಡಗಿದನು. ಸುಮಾರು ಮುನ್ನೂರು ಮಂದಿ ಸೈನಿಕರು ಬಂದು, ಯಾರನ್ನೂ ಕಾಣದೆ ಹಿಂದಿರುಗಿದರು.

ಇಲ್ಲಿ ಗಮನಿಸತಕ್ಕ ಅಂಶಗಳು ಎರಡು. ನಿರಾಶ್ರಿತರ ಪ್ರಾಣವುಳಿದುದು ಸಕಾಲದಲ್ಲಿ ತಲಪಿದ ಒಂದು ವಾರ್ತೆಯಿಂದ. ಅವರ ಕಥೆಯುಳಿದುದು ಪರದೇಶದವನೊಬ್ಬನ ಬರಹದಿಂದ. ನಾಲಂದೆಯ ಅಂತ್ಯಕಾಲದ ಈ ವಿವರಗಳು ಆ ಬರಹವಿಲ್ಲದಿದ್ದರೆ ಭರತಖಂಡಕ್ಕೆ ತಿಳಿಯುತ್ತಿರಲಿಲ್ಲ. ರಾಹುಲ ಸಾಂಕೃತ್ಯಾಯನರು ಟಿಬೆಟ್ಟಿನ ವಿಹಾರಗಳಲ್ಲಿ ಹಸ್ತಪ್ರತಿಗಳನ್ನು ಅರಸುವಾಗ ಈ ಗ್ರಂಥವು ದೊರೆತು, ಜಾರ್ಜ್ ರೋರಿಕರ ಆಂಗ್ಲಾನುವಾದದೊಡನೆ ಪಾಟ್ನಾ ನಗರದಲ್ಲಿ ಅಚ್ಚಾಯಿತು. ಅಚ್ಚಾದ ವರ್ಷವು ೧೯೫೯. ಭಾರತೀಯರ ಪಲಾಯನದ ಕಥೆಯನ್ನು ಕಾಪಾಡಿಟ್ಟಿದ್ದ ಜನರು ತಾವೇ ಪಲಾಯನಮಾಡಿ ಭಾರತಕ್ಕೆ ಬಂದುದೂ ಅದೇ ವರ್ಷದಲ್ಲಿ.

೩. ಕಾಲಿಂಪಾಂಗಿನ ಕನ್ನಡಿ

ಟಿಬೆಟ್ಟಿನಲ್ಲಿ ಧರ್ಮಗ್ರಂಥಗಳ ಮುದ್ರಣವು ಮರದ ಅಚ್ಚುಗಳಿಂದ ಬಹುಕಾಲದಿಂದ ನಡೆಯುತ್ತಿದ್ದಿತಾದರೂ ವಾರ್ತಾಪತ್ರಿಕೆಯೆಂಬುದು ಅಲ್ಲಿ ಇರಲಿಲ್ಲ. ಆ ಭಾಷೆಯ ಪತ್ರಿಕೆಗಳು ಗಡಿಪ್ರದೇಶಗಳಲ್ಲಿ ಹುಟ್ಟಿದುವು. ೧೯೦೪ರಲ್ಲಿ ಮೊರೇವಿಯನ್ ಮಿಷನ್ನಿನ ಫ್ರಾಂಕೆ ಎಂಬವರು ಲೇಹದಲ್ಲಿ ಒಂದು ಸಣ್ಣ ಪತ್ರಿಕೆಯನ್ನು ಹೊರಡಿಸಿದರು. ಅದೇ ಮಿಷನ್ನಿನವರಲ್ಲಿ ವಿದ್ಯೆ ಕಲಿತ ಕಿನ್ನೌರದ ಗೆರ್ಗನ್ ದೋರ್ಜೆ ಥಾರ್ಚಿನ್ ಎಂಬಾತನು ಕಾಲಿಂಪಾಂಗಿಗೆ ಬಂದು, ೧೯೨೫ರ ಅಕ್ಟೋಬರಿನಲ್ಲಿ ‘ಮೆಲೋಂಗ್’, ಎಂದರೆ ಕನ್ನಡಿ, ಎಂಬ ಪತ್ರಿಕೆಯನ್ನು ಆರಂಭಿಸಿದನು. ನಾನಾ ದೇಶಗಳ ವಾರ್ತೆಯ ಕನ್ನಡಿಯೆಂಬುದು ಅದರ ಪೂರ್ಣನಾಮದ ಅಭಿಪ್ರಾಯ. ಮೊದಲ ಸಂಚಿಕೆಯ ಪ್ರತಿಗಳು ಸುಮಾರು ಐವತ್ತು. ಬಹುಪಾಲು ಲಾಸಾ ನಗರಕ್ಕೆ ಹೋದುವು. ಹದಿಮೂರನೆಯ ದಲೈ ಲಾಮಾ ಅವರು ಅದನ್ನು ಓದಿ ಪ್ರೋತ್ಸಾಹವಿತ್ತರು.

ಕಾಲಿಂಪಾಂಗು ಆಗ ಉಣ್ಣೆಯ ವ್ಯಾಪಾರದ ಕೇಂದ್ರ. ಹೇಸರಗತ್ತೆಗಳ ಮೇಲೆ ಉಣ್ಣೆಯು ಕಣಿವೆಯಿಂದ ಇಳಿದು ಬರುತ್ತಿದ್ದಿತು. ಅದೇ ದಾರಿಯಲ್ಲಿ ಪತ್ರಿಕೆಯು ಮೇಲಕ್ಕೆ ಹೋಗುತ್ತಿದ್ದಿತು. ವರ್ತಕರು ತಂದ ಸುದ್ದಿಯು ಪತ್ರಿಕೆಯಲ್ಲಿ ಸೇರುತ್ತಿದ್ದಿತು. ಪತ್ರಿಕೆಯಲ್ಲಿದ್ದ ಉಣ್ಣೆಯ ಧಾರಣೆಯನ್ನು ವರ್ತಕರು ಓದುತ್ತಿದ್ದರು. ಗೆಂದುನ್ ಛೋಫೆಲ್‌ನಂಥ ವಿದ್ವಾಂಸನು ಇದೇ ಪತ್ರಿಕೆಗೆ ಲೇಖನಗಳನ್ನು ಬರೆದನು.

೧೯೫೦ರ ಅಕ್ಟೋಬರಿನಲ್ಲಿ ಚೀನದ ಸೈನ್ಯವು ಛಾಮ್‌ದೋ ಪಟ್ಟಣವನ್ನು ವಶಮಾಡಿಕೊಂಡಿತು. ೧೯೫೧ರ ಮೇ ೨೩ರಂದು ಹದಿನೇಳು ಅಂಶಗಳ ಒಪ್ಪಂದವಾಯಿತು. ೧೯೫೬ರಲ್ಲಿ ಪೂರ್ವದ ಖಾಮ್ ಪ್ರಾಂತದಲ್ಲಿ ದಂಗೆಯೆದ್ದು, ಲಿಥಾಂಗಿನ ವಿಹಾರದ ಮೇಲೆ ವಿಮಾನಗಳಿಂದ ಬಾಂಬುಗಳು ಬಿದ್ದುವು. ಅಲ್ಲಿಂದ ಓಡಿಬಂದವರು ಲಾಸಾದ ಸುತ್ತ ಬೀಡುಬಿಟ್ಟರು. ಹೀಗೆ ೧೯೫೯ರ ನಿರ್ಗಮನಕ್ಕೆ ಮುಂಚೆಯೇ ಟಿಬೆಟ್ಟಿನವರು ಟಿಬೆಟ್ಟಿನೊಳಗೇ ನಿರಾಶ್ರಿತರಾಗಿದ್ದರು. ಈ ಸಂಗತಿಯನ್ನು ಹೊರಗಿನ ದೊಡ್ಡ ಪತ್ರಿಕೆಗಳು ಅಷ್ಟಾಗಿ ಲಕ್ಷಿಸಲಿಲ್ಲ. ಕಾಲಿಂಪಾಂಗಿನ ಸಣ್ಣ ಪತ್ರಿಕೆಯು ಚೀನದ ಆಕ್ರಮಣಕ್ಕೆ ವಿರೋಧವಾಗಿ ಬರೆಯುತ್ತಿದ್ದಿತು. ಆ ಬಗೆಯ ಬರಹವನ್ನು ನಿಲ್ಲಿಸಿದರೆ ನೂರಾರು ಪ್ರತಿಗಳನ್ನು ಕೊಳ್ಳುವುದಾಗಿ ಚೀನೀಯರ ಪಕ್ಷದಿಂದ ಆಶೆ ತೋರಿಸಲ್ಪಟ್ಟಿತೆಂದೂ, ಥಾರ್ಚಿನನು ಒಪ್ಪಲಿಲ್ಲವೆಂದೂ ಅವನ ಚರಿತ್ರೆಯನ್ನು ಬರೆದವರು ಹೇಳುತ್ತಾರೆ.

ಈ ಪತ್ರಿಕೆಯಲ್ಲಿದ್ದುದೆಲ್ಲವೂ ಪ್ರಮಾಣವೆಂದು ಹೇಳುವುದು ಮಾತ್ರ ಉಚಿತವಲ್ಲ. ಕಾಲಿಂಪಾಂಗನ್ನು ಗೂಢಚಾರರ ನೆಲೆಯೆಂದು ನೆಹರೂ ಅವರೇ ವರ್ಣಿಸಿದ್ದರು. ಅಲ್ಲಿ ಸುದ್ದಿಗೂ ಗಾಳಿಮಾತಿಗೂ ಅಂತರವು ಕಡಮೆಯಿದ್ದಿತು. ಆದರೂ ಊರುಬಿಟ್ಟವರ ಭಾಷೆಯಲ್ಲಿಯೇ, ಅವರ ಕಣ್ಣಿಗೆ ಬೀಳುವಂತೆ, ಆಯಾ ಕಾಲದಲ್ಲಿಯೇ ಬರೆಯಲ್ಪಟ್ಟುದೆಂಬ ಗುಣವು ಅದಕ್ಕುಂಟು. ಸುಳ್ಳಿದ್ದರೆ ಅದನ್ನು ಅಲ್ಲವೆನ್ನಬಲ್ಲ ಓದುಗರು ಅದಕ್ಕಿದ್ದರು. ಟಿಬೆಟ್ಟಿನೊಳಗಣ ಓದುಗರು ಇಲ್ಲವಾದ ಮೇಲೆ, ೧೯೬೩ರಲ್ಲಿ, ಪತ್ರಿಕೆಯು ನಿಂತಿತು. ಅದರ ಸಂಚಿಕೆಗಳನ್ನು ಈಗ ಕೊಲಂಬಿಯಾ ವಿಶ್ವವಿದ್ಯಾಲಯದ ಗ್ರಂಥಭಂಡಾರವು ಸಂಗ್ರಹಿಸಿ ಎಲ್ಲರೂ ನೋಡುವಂತೆ ಮಾಡಿದೆ.

೪. ತೇಜಪುರದ ಹೇಳಿಕೆ

೧೯೫೯ರ ಮಾರ್ಚ್ ೧೦ರಂದು ಲಾಸಾ ನಗರದ ಜನರು ದಂಗೆಯೆದ್ದರು. ೧೭ರ ರಾತ್ರಿ ಹದಿನಾಲ್ಕನೆಯ ದಲೈ ಲಾಮಾ ಅವರು ನೋರ್ಬುಲಿಂಕಾ ಅರಮನೆಯನ್ನು ಬಿಟ್ಟು, ೩೧ರಂದು ಭಾರತದ ಗಡಿಯನ್ನು ದಾಟಿದರು. ಅವರು ತವಾಂಗ್, ಬೊಮ್‌ಡಿಲಾಗಳ ಮಾರ್ಗವಾಗಿ ಏಪ್ರಿಲ್ ೧೮ರಂದು ಅಸ್ಸಾಮಿನ ತೇಜಪುರಕ್ಕೆ ಬರುವ ಹೊತ್ತಿಗೆ ನಾನಾ ದೇಶಗಳ ವರದಿಗಾರರು ಅಲ್ಲಿ ಗುಂಪಾಗಿ ಕೂಡಿದ್ದರು. ಗಡಿಯ ಕಡೆಗೆ ಹೋಗಲು ಅವರಿಗೆ ಅಪ್ಪಣೆಯಿರಲಿಲ್ಲ. ನೋಡಲು ಸಿಕ್ಕದುದನ್ನು ಕೆಲವರು ಊಹಿಸಿ ಬರೆದರು.

ಆ ದಿನ ತೇಜಪುರದಲ್ಲಿ ದಲೈ ಲಾಮಾ ಅವರ ಪರವಾಗಿ ಒಂದು ಹೇಳಿಕೆಯು ಓದಲ್ಪಟ್ಟಿತು. ಅವರು ಸ್ವೇಚ್ಛೆಯಿಂದ ಲಾಸಾವನ್ನು ಬಿಟ್ಟು ಬಂದರೇ ಹೊರತು ಬಲಾತ್ಕಾರದಿಂದಲ್ಲವೆಂಬುದು ಅದರ ಮುಖ್ಯಾಂಶ. ಬಂಡಾಯಗಾರರು ಅವರನ್ನು ಅಪಹರಿಸಿದರೆಂದು ಚೀನದ ಸರಕಾರವು ಸಾರುತ್ತಿದ್ದಿತಷ್ಟೆ. ಈ ಹೇಳಿಕೆಯು ಹೊರಬೀಳಲು, ಅದರ ವ್ಯಾಕರಣವನ್ನೇ ಹಿಡಿದು ಚೀನದ ವಾರ್ತಾಸಂಸ್ಥೆಯು ಆಕ್ಷೇಪಿಸಿತು. ಹೇಳಿಕೆಯಲ್ಲಿ ದಲೈ ಲಾಮಾ ಅವರು ‘ನಾನು’ ಎನ್ನದೆ ‘ಅವರು’ ಎಂಬ ಪ್ರಥಮಪುರುಷದಲ್ಲಿ ನಿರ್ದೇಶಿಸಲ್ಪಟ್ಟಿದ್ದರು. ಆದುದರಿಂದ ಅದು ಅವರ ಮಾತಲ್ಲ, ಪರರು ಬರೆದುಕೊಟ್ಟುದು ಎಂದು ವಾದವಾಯಿತು. ಏಪ್ರಿಲ್ ೨೨ರಂದು ದಲೈ ಲಾಮಾ ಅವರು ಮಸ್ಸೂರಿಯಿಂದ ಇನ್ನೊಂದು ಹೇಳಿಕೆಯನ್ನು ಹೊರಡಿಸಿ, ಮೊದಲನೆಯದು ತಮ್ಮ ಅಧಿಕಾರದಿಂದಲೇ ಹೊರಟುದೆಂದೂ, ಅದರಲ್ಲಿ ಹೇಳಿದುದಕ್ಕೆ ತಾವು ಬದ್ಧರೆಂದೂ ಸ್ಥಿರಪಡಿಸಿದರು.

ಸಂಸ್ಕೃತ ವೈಯಾಕರಣರು ‘ನಾನು’ ಎಂಬುದನ್ನು ಉತ್ತಮಪುರುಷವೆಂದೂ ‘ಅವನು’ ಎಂಬುದನ್ನು ಪ್ರಥಮಪುರುಷವೆಂದೂ ಕರೆಯುತ್ತಾರೆ. ನಿರಾಶ್ರಿತರ ವೃತ್ತಾಂತದ ಮುಖ್ಯ ಪ್ರಶ್ನೆಯು ಈ ಪುರುಷಭೇದದಲ್ಲಿಯೇ ಅಡಗಿರುವುದು. ಅವರ ವಿಷಯವಾಗಿ ಲೋಕವು ಓದುವುದೆಲ್ಲವೂ ಸಾಮಾನ್ಯವಾಗಿ ಪ್ರಥಮಪುರುಷದಲ್ಲಿರುತ್ತದೆ: ಅವರು ಬಂದರು, ಅವರು ಇಷ್ಟು ಮಂದಿ, ಅವರಿಗೆ ಇಷ್ಟು ಅಕ್ಕಿ ಕೊಡಲ್ಪಟ್ಟಿತು. ದೇಶದ ಒಡೆಯನಾಗಿದ್ದವನ ಮಾತಿಗೇ ಉತ್ತಮಪುರುಷವಿಲ್ಲವೆಂಬ ಆಕ್ಷೇಪವು ಬಂದ ಮೇಲೆ, ಅವನ ಹಿಂದೆ ಬಂದ ಸುಮಾರು ಎಂಬತ್ತು ಸಾವಿರ ಮಂದಿಯ ಮಾತನ್ನು ಯಾರು ಕೇಳಿಯಾರು?

ಕೇಳಿದವರು ಕೆಲವರಿದ್ದರು. ಅಂತರರಾಷ್ಟ್ರೀಯ ನ್ಯಾಯವಾದಿಗಳ ಆಯೋಗವು ೧೯೫೯ರಲ್ಲಿ ಒಂದು ವರದಿಯನ್ನೂ, ಭಾರತದ ನ್ಯಾಯವಾದಿ ಪುರುಷೋತ್ತಮ ತ್ರಿಕಮದಾಸರ ಅಧ್ಯಕ್ಷತೆಯ ಸಮಿತಿಯ ಮೂಲಕ ೧೯೬೦ರಲ್ಲಿ ಇನ್ನೊಂದನ್ನೂ ಪ್ರಕಟಿಸಿತು. ಓಡಿಬಂದವರ ಸಾಕ್ಷ್ಯಗಳು ಇವುಗಳಲ್ಲಿ ಸೇರಿದುವು. ಸಮಿತಿಯು ಆ ಸಾಕ್ಷ್ಯಗಳನ್ನು ತೂಗಿನೋಡಿದ ರೀತಿಯು ಸಂಶೋಧಕರಿಗೆ ಆದರ್ಶಪ್ರಾಯವಾಗಿದೆ. ಟಿಬೆಟ್ಟಿನವರನ್ನು ಧಾರ್ಮಿಕ ಸಮುದಾಯವೆಂಬ ದೃಷ್ಟಿಯಿಂದ ನಾಶಮಾಡುವ ಯತ್ನವು ನಡೆದಿದೆಯೆಂದು ಅದು ತೀರ್ಮಾನಿಸಿತು. ಜನಾಂಗವೆಂಬ ದೃಷ್ಟಿಯಿಂದ ನಾಶಮಾಡುವ ಯತ್ನಕ್ಕೆ ಸಾಕಷ್ಟು ಪ್ರಮಾಣವಿಲ್ಲವೆಂದೂ ಅದೇ ವರದಿಯಲ್ಲಿ ಹೇಳಿತು. ದುಃಖಿತರ ಮೇಲಣ ಕನಿಕರವು ಪ್ರಮಾಣವಿಚಾರವನ್ನು ಸಡಿಲಿಸಲಿಲ್ಲ. ಪ್ರಮಾಣವಿಚಾರವು ಕನಿಕರವನ್ನು ಒಣಗಿಸಲೂ ಇಲ್ಲ.

ವಿಶ್ವಸಂಸ್ಥೆಯ ಮಹಾಸಭೆಯು ೧೯೫೯ರ ಅಕ್ಟೋಬರ್ ೨೧ರಂದು ಟಿಬೆಟ್ಟಿನವರ ಮಾನವಹಕ್ಕುಗಳ ಬಗೆಗೆ ಒಂದು ನಿರ್ಣಯವನ್ನು ಅಂಗೀಕರಿಸಿತು. ಪರವಾಗಿ ೪೫, ವಿರೋಧವಾಗಿ ೯ ಮತಗಳು ಬಿದ್ದುವು; ೨೬ ರಾಷ್ಟ್ರಗಳು ತಟಸ್ಥವಾಗಿದ್ದುವು. ನಿರಾಶ್ರಿತರಿಗೆ ನೆಲವನ್ನಿತ್ತ ಭಾರತವೂ ಆ ತಟಸ್ಥರೊಳಗೆ ಒಂದಾಗಿದ್ದಿತು. ೧೯೬೧ರಲ್ಲಿಯೂ ೧೯೬೫ರಲ್ಲಿಯೂ ಮತ್ತೆರಡು ನಿರ್ಣಯಗಳಾದುವು. ಬಳಿಕ ಲೋಕದ ಗಮನವು ಬೇರೆ ಕಡೆಗೆ ತಿರುಗಿತು. ಪರರು ಹೇಳುವ ವೃತ್ತಾಂತಕ್ಕೆ ಪರರ ಕುತೂಹಲವಿರುವ ವರೆಗೆ ಮಾತ್ರ ಆಯುಷ್ಯವುಂಟು.

೫. ಬೀಡಿನಲ್ಲಿ ಅಕ್ಷರ

ಬಂದವರಿಗೆ ಅಸ್ಸಾಮಿನ ಮಿಸಾಮಾರಿಯಲ್ಲಿ ಬಿದಿರಿನ ಗುಡಿಸಲುಗಳು ಕಟ್ಟಲ್ಪಟ್ಟುವು. ಉಣ್ಣೆಯ ಉಡುಪಿನಲ್ಲಿ ಹಿಮಾಲಯದಿಂದ ಇಳಿದವರು ಬಯಲಿನ ಸೆಕೆಯನ್ನು ತಾಳಲಾರದೆ ಅನೇಕರು ಸತ್ತರು. ಉಳಿದವರಲ್ಲಿ ಸಾವಿರಾರು ಮಂದಿ ಪರ್ವತಪ್ರದೇಶಗಳ ರಸ್ತೆಕೆಲಸಕ್ಕೆ ಹೋದರು. ಭಿಕ್ಷುಗಳಲ್ಲಿ ಸುಮಾರು ಒಂದೂವರೆ ಸಾವಿರ ಮಂದಿಯು ಬಂಗಾಳದ ಬಕ್ಸಾ ಕೋಟೆಗೆ ಕಳುಹಿಸಲ್ಪಟ್ಟರು. ಅದು ಬ್ರಿಟಿಷರ ಕಾಲದಲ್ಲಿ ಸ್ವಾತಂತ್ರ್ಯಯೋಧರ ಸೆರೆಮನೆಯಾಗಿದ್ದ ಸ್ಥಳ. ಕ್ಷಯರೋಗವು ಅಲ್ಲಿ ಬಹುಮಂದಿಯನ್ನು ಕೊಂದಿತು. ಆದರೂ ಅಧ್ಯಯನವು ನಿಲ್ಲಲಿಲ್ಲ. ಪಾಠಕ್ಕೆ ಪುಸ್ತಕಗಳು ಸಾಲದಿರಲು, ಗ್ರಂಥಗಳನ್ನು ಕೈಯಿಂದ ಬರೆದು ಕಲ್ಲಚ್ಚಿನಲ್ಲಿ ಮುದ್ರಿಸಿಕೊಂಡರು.

ವಾರ್ತೆಯೂ ಅವರ ಕೈಗೆ ಬಂದಿತು. ೧೯೬೦ರಲ್ಲಿ ದಾರ್ಜೀಲಿಂಗಿನಲ್ಲಿ ‘ಟಿಬೆಟ್ಟಿನವರ ಸ್ವಾತಂತ್ರ್ಯ’ ಎಂಬರ್ಥದ ಹೆಸರಿನ ಪತ್ರಿಕೆಯು ಅವರ ಭಾಷೆಯಲ್ಲಿ ಹುಟ್ಟಿತು. ೧೯೬೮ರಲ್ಲಿ ‘ಟಿಬೆಟನ್ ರಿವ್ಯೂ’ ಎಂಬುದು ಆಂಗ್ಲಭಾಷೆಯಲ್ಲಿ ಹೊರಟಿತು. ಮೊದಲನೆಯದು ಚದರಿದವರು ತಮ್ಮತಮ್ಮೊಳಗೆ ಮಾತನಾಡುವುದಕ್ಕೆ, ಎರಡನೆಯದು ಪರರೊಡನೆ ಮಾತನಾಡುವುದಕ್ಕೆ. ೧೯೬೨ರಲ್ಲಿ ದಲೈ ಲಾಮಾ ಅವರ ಮೊದಲ ಆತ್ಮಕಥೆಯು ಪ್ರಕಟವಾಗಿ, ತೇಜಪುರದಲ್ಲಿ ಇಲ್ಲವೆನ್ನಲ್ಪಟ್ಟ ಉತ್ತಮಪುರುಷವು ಪುಸ್ತಕರೂಪದಲ್ಲಿ ಕಾಣಿಸಿಕೊಂಡಿತು. ೧೯೭೦ರಲ್ಲಿ ಧರ್ಮಶಾಲೆಯಲ್ಲಿ ಟಿಬೆಟ್ಟಿನ ಗ್ರಂಥಗಳ ಹಾಗೂ ದಾಖಲೆಗಳ ಭಂಡಾರವು ಸ್ಥಾಪಿತವಾಯಿತು. ವೃದ್ಧರ ಬಾಯಿಂದ ಹಳೆಯ ಸಂಗತಿಗಳನ್ನು ಕೇಳಿ ದಾಖಲಿಸುವ ಕೆಲಸವನ್ನೂ ಅದು ಕೈಕೊಂಡಿತು.

ನಿರಾಶ್ರಿತರು ಹೊತ್ತುತಂದ ಗ್ರಂಥಗಳ ಪುನರ್ಮುದ್ರಣಕ್ಕೆ ಹಣವು ಒದಗಿದ ಬಗೆಯು ವಿಲಕ್ಷಣವಾದುದು. ಅಮೆರಿಕದಿಂದ ಪಿ. ಎಲ್. ೪೮೦ ಎಂಬ ಕಾನೂನಿನ ಮೇರೆಗೆ ಭಾರತಕ್ಕೆ ಬಂದ ಗೋಧಿಯ ಬೆಲೆಯು ರೂಪಾಯಿಗಳಲ್ಲಿ ಸಂದಾಯವಾಗುತ್ತಿದ್ದಿತು. ಆ ರೂಪಾಯಿಗಳಲ್ಲಿ ಒಂದಂಶದಿಂದ ಅಮೆರಿಕದ ರಾಷ್ಟ್ರೀಯ ಗ್ರಂಥಾಲಯದ ದೆಹಲಿ ಕಚೇರಿಯು ಪುಸ್ತಕಗಳನ್ನು ಕೊಳ್ಳುತ್ತಿದ್ದಿತು. ೧೯೬೮ರಲ್ಲಿ ಆ ಕಚೇರಿಯನ್ನು ಸೇರಿದ ಜೀನ್ ಸ್ಮಿತ್ ಎಂಬ ವಿದ್ವಾಂಸರು ಟಿಬೆಟ್ಟಿನ ಗ್ರಂಥಗಳ ಮುದ್ರಣಕ್ಕೆ ಪ್ರೋತ್ಸಾಹವಿತ್ತು ಪ್ರತಿಗಳನ್ನು ಕೊಳ್ಳುವ ಏರ್ಪಾಡು ಮಾಡಿದರು. ಹೀಗೆ ಕ್ಷಾಮಪರಿಹಾರದ ಗೋಧಿಯು ಗ್ರಂಥರಕ್ಷಣೆಗೂ ಒದಗಿತು. ಸಂಸ್ಕೃತಜ್ಞರಿಗೂ ಇದರಿಂದ ಮಹೋಪಕಾರವಾಗಿದೆ. ಮೂಲವು ನಷ್ಟವಾಗಿ ಟಿಬೆಟ್ಟಿನ ಅನುವಾದದಲ್ಲಿ ಮಾತ್ರ ಉಳಿದಿರುವ ಸಂಸ್ಕೃತಗ್ರಂಥಗಳು ಬಹಳ. ೧೯೬೭ರಲ್ಲಿ ಸಾರನಾಥದಲ್ಲಿ ಸ್ಥಾಪಿತವಾದ ಟಿಬೆಟ್ಟಿನ ವಿದ್ಯಾಸಂಸ್ಥೆಯು ಅಂಥವನ್ನು ಮರಳಿ ಸಂಸ್ಕೃತಕ್ಕೆ ತರುವ ಕಾರ್ಯವನ್ನು ನಡೆಸುತ್ತಿದೆ.

ಈ ಸ್ವಕೀಯ ವೃತ್ತಾಂತದಲ್ಲಿಯೂ ಒಂದು ನ್ಯೂನತೆಯುಂಟು. ಮುಂಚಿನ ಕಾಲದಲ್ಲಿ ಅಚ್ಚಾದುದು ಬಹುಮಟ್ಟಿಗೆ ಲಾಮಾಗಳ ಮತ್ತು ಕುಲೀನರ ಕಥೆ. ರಸ್ತೆಯಲ್ಲಿ ಕಲ್ಲು ಒಡೆದ ಹೆಂಗಸಿನ ಕಥೆಯು ಹಾಗೆ ಅಚ್ಚಾಗಲಿಲ್ಲ. ಅಕ್ಷರವಿದ್ದವರು ತಮ್ಮನ್ನು ತಾವೇ ಬರೆದುಕೊಂಡರು. ಉಳಿದವರಿಗೆ ಕೇಳಿ ಬರೆಯುವವರು ಬೇಕಾಗಿದ್ದಿತು.

೬. ಕನ್ನಡ ನಾಡಿನ ವಸತಿಗಳು

ಟಿಬೆಟ್ಟಿನವರಿಗೆ ಭೂಮಿಯನ್ನು ಒದಗಿಸಬೇಕೆಂದು ನೆಹರೂ ಅವರು ರಾಜ್ಯಗಳನ್ನು ಕೇಳಲು, ಮೈಸೂರು ರಾಜ್ಯವು ಪಿರಿಯಾಪಟ್ಟಣ ತಾಲ್ಲೂಕಿನ ಬೈಲಕುಪ್ಪೆಯಲ್ಲಿ ಸುಮಾರು ೩,೦೦೦ ಎಕರೆ ಕಾಡುಭೂಮಿಯನ್ನು ಕೊಟ್ಟಿತು. ೧೯೬೦–೬೧ರಲ್ಲಿ ಮೊದಲ ತಂಡಗಳು ಅಲ್ಲಿಗೆ ಬಂದುವು. ಚಳಿಯ ದೇಶದವರು ಬಿಸಿಲಿನಲ್ಲಿ ಕಾಡು ಕಡಿದು, ಸುಟ್ಟು, ಆನೆಗಳ ಕಾಟವನ್ನು ಸಹಿಸಿ, ಮುಸುಕಿನ ಜೋಳದ ಬೇಸಾಯವನ್ನು ಕಲಿತರು. ೧೯೬೬ರಲ್ಲಿ ಉತ್ತರ ಕನ್ನಡದ ಮುಂಡಗೋಡು, ೧೯೬೯ರಲ್ಲಿ ಬೈಲಕುಪ್ಪೆಯ ಎರಡನೆಯ ವಸತಿ, ೧೯೭೨ರಲ್ಲಿ ಹುಣಸೂರಿನ ಬಳಿಯ ಗುರುಪುರ, ೧೯೭೩–೭೪ರಲ್ಲಿ ಕೊಳ್ಳೇಗಾಲದ ಕಡೆಯ ಒಡೆಯರಪಾಳ್ಯ, ಹೀಗೆ ಐದು ವಸತಿಗಳಾದುವು. ಬಕ್ಸಾ ಕೋಟೆಯಲ್ಲಿ ಉಳಿದಿದ್ದ ಭಿಕ್ಷುಗಳು ೧೯೬೯ರಿಂದ ಈಚೆಗೆ ಇಲ್ಲಿಗೆ ಬರಲು, ಸೆರಾ ವಿಹಾರವು ಬೈಲಕುಪ್ಪೆಯಲ್ಲಿಯೂ, ಡ್ರೆಪುಂಗ್ ಮತ್ತು ಗಾಂದೆನ್ ವಿಹಾರಗಳು ಮುಂಡಗೋಡಿನಲ್ಲಿಯೂ ಮರಳಿ ನೆಲೆಗೊಂಡುವು.

ಈ ವಸತಿಗಳ ಹೆಸರುಗಳು ವಿಚಾರಾರ್ಹವಾಗಿವೆ. ಸುತ್ತಣ ಕನ್ನಡಿಗರು ಅವನ್ನು ಒಂದನೆಯ ಕ್ಯಾಂಪು, ಎರಡನೆಯ ಕ್ಯಾಂಪು ಎಂದು ಕರೆಯುತ್ತಾರೆ. ಕ್ಯಾಂಪು ಎಂದರೆ ನಾಳೆ ಕಿತ್ತುಕೊಂಡು ಹೋಗುವ ಬೀಡು. ಅರುವತ್ತು ವರ್ಷಗಳು ಕಳೆದರೂ ಆ ಹೆಸರು ಹೋಗಿಲ್ಲ. ಅಲ್ಲಿಯವರು ಇಟ್ಟುಕೊಂಡ ಹೆಸರುಗಳು ಬೇರೆ. ಬೈಲಕುಪ್ಪೆಯ ಮೊದಲ ವಸತಿಯ ಹೆಸರಿನಲ್ಲಿರುವ ಸಮ್‌ದುಪ್‌ಲಿಂಗ್ ಎಂದರೆ ಇಷ್ಟಾರ್ಥವು ಸಿದ್ಧಿಸಿದ ಸ್ಥಳ. ಎರಡನೆಯದಾದ ದಿಕ್ಯಿ ಲಾರ್ಸೋ ಎಂದರೆ ಸುಖದ ಪುನರುಜ್ಜೀವನ. ಮುಂಡಗೋಡಿನ ದೋಗುಲಿಂಗ್ ಎಂದರೆ ಬಯಸಿದುದೆಲ್ಲವೂ ಇರುವ ಸ್ಥಳ. ಹುಣಸೂರಿನ ರಬ್‌ಗ್ಯೇಲಿಂಗ್ ಎಂದರೆ ಸಮೃದ್ಧಿಯ ಸ್ಥಳ. ಕೊಳ್ಳೇಗಾಲದ ಧೋಂದೆನ್‌ಲಿಂಗ್ ಎಂದರೆ ಸಾರ್ಥಕವಾದ ಸ್ಥಳ. ಒಂದೇ ನೆಲಕ್ಕೆ ಪ್ರಥಮಪುರುಷದಲ್ಲಿ ಒಂದು ಹೆಸರು, ಉತ್ತಮಪುರುಷದಲ್ಲಿ ಇನ್ನೊಂದು ಹೆಸರು. ಮೊದಲನೆಯದನ್ನು ಮಾತ್ರ ಬಲ್ಲವನು ಅವರ ಚರಿತ್ರೆಯ ಅರ್ಧವನ್ನು ಮಾತ್ರ ಬಲ್ಲನು.

೭. ಉಪಸಂಹಾರ

ಮೇಲಿನ ವಿಚಾರದಿಂದ ನಿರಾಶ್ರಿತರ ವೃತ್ತಾಂತಕ್ಕೆ ಪ್ರಮಾಣಗಳು ಮೂರು ಬಗೆಯೆಂದು ಸಿದ್ಧವಾಗುತ್ತದೆ. ವರದಿಗಾರರ ಮತ್ತು ಸರಕಾರಗಳ ಬರಹವು ಮೊದಲನೆಯದು. ಇದು ದೂರ ಹೋಗುತ್ತದೆ, ಆದರೆ ಬೇಗ ಆರುತ್ತದೆ. ನಿರಾಶ್ರಿತರು ತಮ್ಮ ಭಾಷೆಯಲ್ಲಿ ತಾವೇ ಬರೆದುದು ಎರಡನೆಯದು. ಇದು ಉಳಿಯುತ್ತದೆ, ಆದರೆ ಪರರಿಗೆ ತಲಪುವುದು ಕಷ್ಟ, ಅಕ್ಷರಹೀನರಿಗೆ ಅದರಲ್ಲಿ ಸ್ಥಾನವೂ ಕಡಮೆ. ಆಶ್ರಯ ಕೊಟ್ಟ ನಾಡಿನವನು ಬಂದವನನ್ನು ಕೇಳಿ, ಪರೀಕ್ಷಿಸಿ, ಬರೆದಿಟ್ಟುದು ಮೂರನೆಯದು. ನ್ಯಾಯಶಾಸ್ತ್ರದಲ್ಲಿ ಶಬ್ದವು ಪ್ರಮಾಣವಾಗಬೇಕಾದರೆ ಹೇಳಿದವನು ಆಪ್ತನಾಗಿರಬೇಕು. ಎಂದರೆ ಕಂಡವನೂ, ಕಂಡಂತೆ ಹೇಳುವವನೂ ಆಗಿರಬೇಕು. ಧರ್ಮಸ್ವಾಮಿಯು ಅಂಥವನು. ಅವನು ಪರದೇಶದವನಾದರೂ ಗುರುವನ್ನು ಬೆನ್ನ ಮೇಲೆ ಹೊತ್ತವನು.

ಕನ್ನಡದಲ್ಲಿ ಈ ಮೂರನೆಯ ಬಗೆಯ ಕೆಲಸಕ್ಕೆ ಅವಕಾಶವು ವಿಶೇಷವಾಗಿದೆ. ಕಾಲವು ಮಾತ್ರ ಬಹಳವಿಲ್ಲ. ೧೯೫೯ರಲ್ಲಿ ಇಪ್ಪತ್ತು ವಯಸ್ಸಿನವರಾಗಿದ್ದವರಿಗೆ ಈಗ ಎಂಬತ್ತು ಮೀರಿದೆ. ಬೈಲಕುಪ್ಪೆಯ ಕಾಡನ್ನು ಕಡಿದವರೂ, ಅವರೊಡನೆ ವ್ಯವಹರಿಸಿದ ಸುತ್ತಣ ಹಳ್ಳಿಗಳ ಒಕ್ಕಲಿಗರೂ, ಕೂಲಿಗೆ ಹೋದವರೂ, ಅವರ ಮಕ್ಕಳಿಗೆ ಕನ್ನಡ ಕಲಿಸಿದ ಉಪಾಧ್ಯಾಯರೂ ಒಬ್ಬೊಬ್ಬರಾಗಿ ತೀರಿಹೋಗುತ್ತಿರುವರು. ತಾಲ್ಲೂಕು ಕಚೇರಿಗಳ ಕಡತಗಳಲ್ಲಿ ಎಕರೆಗಳ ಲೆಕ್ಕವು ಸಿಕ್ಕೀತು. ಆ ಎಕರೆಗಳ ಮೇಲೆ ಮೊದಲ ಮಳೆಗಾಲವನ್ನು ಕಳೆದವರ ಮಾತು ಸಿಕ್ಕಲಾರದು. ಆಯಾ ಸೀಮೆಯ ಕಾಲೇಜುಗಳ ಕನ್ನಡ ಉಪಾಧ್ಯಾಯರು ತಮ್ಮ ವಿದ್ಯಾರ್ಥಿಗಳೊಡನೆ ಈ ಎರಡು ಪಕ್ಷಗಳವರ ಮಾತನ್ನೂ ಕೇಳಿ, ಹೇಳಿದವರ ಅನುಮತಿಯಿಂದ, ತೇದಿ ಸ್ಥಳಗಳೊಡನೆ ಬರೆದಿಡುವುದು ಅಸಾಧ್ಯವೇನಲ್ಲ. ನಾಲಂದೆಯಿಂದ ಓಡಿದವರ ಕಥೆಯನ್ನು ಟಿಬೆಟ್ಟು ಏಳು ಶತಮಾನಗಳ ಕಾಲ ಕಾಪಾಡಿ ಹಿಂದಿರುಗಿಸಿತು. ಟಿಬೆಟ್ಟಿನಿಂದ ಓಡಿಬಂದವರ ಕಥೆಯನ್ನು ಅವರು ನೆಲೆಸಿದ ನಾಡಿನ ಭಾಷೆಯು ಒಂದು ತಲೆಮಾರಿನ ಮಟ್ಟಿಗಾದರೂ ಕಾಪಾಡಿದರೆ ಆ ಹಳೆಯ ಋಣದಲ್ಲಿ ಸ್ವಲ್ಪಭಾಗವು ಸಂದಂತಾಗುವುದು.